ಹಲ್ಲಬ್ಯಾನಿ ಹುಡುಕುವ ಕಾಕಾ

ಪುಣೆಯಲ್ಲಿ ಯಾರಿಗಾದರೂ ಹಲ್ಲು ನೋಯುತ್ತಿದೆ ಎಂದರೆ ಮನಸಾರೆ ಸಂತೋಷಪಡುವವರು ನಮ್ಮ ಕಾಕಾ ಒಬ್ಬರೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ದಂತವೈದ್ಯರಿಲ್ಲವೇ ಎನ್ನಬೇಡಿ. ಅವರು ಸಂತೋಷವನ್ನು ಬಿಳಿ ಕೋಟಿನೊಳಗೆ ಮುಚ್ಚಿಟ್ಟುಕೊಂಡು ಪಾಪ ಎನ್ನುವ ಮುಖ ಮಾಡುತ್ತಾರೆ. ಕಾಕಾಗೆ ಆ ನಟನೆ ಬರುತ್ತಿರಲಿಲ್ಲ. ಯಾರಾದರೂ ಕೆನ್ನೆ ಹಿಡಿದುಕೊಂಡು ಬಂದರೆ ಎದ್ದು ನಿಂತು, ಬೀಗರನ್ನು ಕರೆಯುವ ಹಾಗೆ, "ಬರ್ರಿ ಬರ್ರಿ, ಯಾವ ಹಲ್ಲು?" ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಧಾರವಾಡ ಬಿಟ್ಟು ಪುಣೆಯ ಕಾರ್ಖಾನೆಯೊಂದರ ಆಫೀಸಿಗೆ ಸೇರಿದೆ. ಸ್ವಾರಗೇಟಿನ ಹತ್ತಿರದ ಕಾಕಾನ ಎರಡು ಕೋಣೆಯ ಮನೆಯಲ್ಲಿ ಒಂದು ತಿಂಗಳಿಗೆಂದು ಇಳಿದುಕೊಂಡವನು ನಾಲ್ಕು ವರ್ಷ ಇದ್ದೆ. ಕಾಕಾ ದಂತ ಕಾಲೇಜೊಂದರಲ್ಲಿ ಜೀವರಸಾಯನದ ಮಾಸ್ತರು. ಮಂದಿ ಮಕ್ಕಳ ಮದುವೆ, ಮನೆಯ ಸಾಲ ಎಂದು ಯೋಚಿಸುವ ವಯಸ್ಸಿನಲ್ಲಿ ಅವರಿಗೆ ಪಿಎಚ್.ಡಿ.ಯ ಹುಚ್ಚು ಹತ್ತಿತ್ತು. ಹಲ್ಲಿನೊಳಗಿನ ಮೆತ್ತನೆಯ ತಿರುಳಿಗೆ ಪೆಟ್ಟು ಬಿದ್ದಾಗ, ಉರಿಯೂತ ಹತ್ತಿದಾಗ, ಅಲ್ಲಿರುವ ಪ್ರೋಟೀನುಗಳು ಹೇಗೆ ಬದಲಾಗುತ್ತವೆ ಎನ್ನುವುದು ವಿಷಯ. ಅದನ್ನು ಅವರು ಉಪ್ಪಿಟ್ಟು ತಿನ್ನುತ್ತಲೇ ನನಗೆ ಬೋಧಿಸಿದರು.

"ನೋಡೋ ತಮ್ಮಾ, ಕಾಲಿಗೆ ಪೆಟ್ಟು ಬಿದ್ರ ಬಾವು ಬರ್ತದ. ಬರಾಕ ಜಾಗಾ ಅದ. ಹಲ್ಲಿನ ತಿರುಳಿಗೆ ಎಲ್ಲೀ ಜಾಗಾ? ನಾಕೂ ಕಡೆ ಕಲ್ಲಿನಂಥಾ ಗ್ವಾಡಿ. ಹಳೇ ಪೇಠದ ವಾಡೇದಾಗ ಬಾಡಿಗಿ ಇದ್ದಂಗ. ಒಳಗ ಜಗಳ ಹತ್ತಿದ್ರ ಹಳೇ ಮಂದಿ ಕೆಲವರು ಹೋಗ್ತಾರ, ಹೊಸಬರು ಬಂದು ಸೇರ್ಕೋತಾರ. ಯಾರು ಹೋದ್ರು, ಯಾರು ಬಂದ್ರು, ಅದನ್ನ ಬರಕೊಳ್ಳೂದ ನನ್ನ ಕೆಲಸ."

"ಅಂದ್ರ ಹಲ್ಲಿನ ಲೆಕ್ಕಾ ಬರಿಯೂ ತಲಾಟಿ ಆದ್ರಿ ಬಿಡ್ರಿ," ಎಂದರು ಒಲೆಯ ಮುಂದಿದ್ದ ಕಾಕು. ಅವರ ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಕಾಕುವಿನ ಮಾತಿಗೆ ಕಾಕಾ ಎದುರಾಡಿದ್ದು ನಾನು ಕೇಳಿಲ್ಲ.

ತಿರುಳೇನು ಸಂತೆಯಲ್ಲಿ ಸಿಗುತ್ತದೆಯೇ? ದಂತವೈದ್ಯರು ಹಲ್ಲಿನ ಬೇರಿನ ಚಿಕಿತ್ಸೆ ಮಾಡುವಾಗ ಹೊರಗೆಳೆದು ಬಿಸಾಡುವ ಕೆಂಪು ನೂಲಿನಂಥ ಚೂರು ಅದು. ಊರಿನ ಅರ್ಧ ದಂತವೈದ್ಯರಿಗೆ ಕಾಕಾ ಕಾಲೇಜಿನ ಫೋನ್ ನಂಬರು ಕೊಟ್ಟಿದ್ದರು. ಫೋನು ಬಂದ ಕೂಡಲೇ ಬರ್ಫ ತುಂಬಿದ ಕೆಂಪು ಥರ್ಮಾಸ್ ಹಿಡಿದು ಓಡುತ್ತಿದ್ದರು. ಒಮ್ಮೆ ದೇಹೂ ರೋಡಿನಿಂದ ಬಸ್ಸಿನಲ್ಲಿ ಬರುವಾಗ ನಾನೂ ಜೊತೆಗಿದ್ದೆ. ಪಕ್ಕದಲ್ಲಿ ಕೂತ ಗೃಹಸ್ಥರೊಬ್ಬರು ಥರ್ಮಾಸ್ ನೋಡಿ ಆಸೆಯಿಂದ, "ಕಾಕಾ, ಚಹಾ ಆಹೇ ಕಾ?" ಎಂದರು.

ಕಾಕಾಗೆ ಸುಳ್ಳು ಹೇಳಿ ಗೊತ್ತಿಲ್ಲ. "ನಾಹೀ ಹೋ. ತೀನ್ ಮಾಣಸಾಂಚ್ಯಾ ದಾತಾಂಚಾ ಗರ ಆಹೇ," ಎಂದರು. ಚಹಾ ಅಲ್ಲ, ಮೂವರ ಹಲ್ಲಿನ ತಿರುಳು.

ಸ್ವಾರಗೇಟಿನವರೆಗೂ ನಮ್ಮ ಅಕ್ಕಪಕ್ಕ, ಹಿಂದೆ ಮುಂದೆ ಸೀಟು ಖಾಲಿ. ಪುಣೆಯ ಬಸ್ಸಿನಲ್ಲಿ ನಾನು ಕಾಲು ಚಾಚಿ ಕೂತದ್ದು ಅದೊಂದೇ ದಿನ.

ನನ್ನ ಅತ್ತೆಯ ಮಗಳನ್ನು ನೋಡಲು ಗಂಡಿನವರು ಬಂದಾಗಲಂತೂ ಕೇಳಬೇಡಿ. ಹಿರಿಯರೆಂದು ಕಾಕಾನನ್ನು ಮುಂದೆ ಕೂಡಿಸಿದ್ದರು. ವರ ಶರಬತ್ತಿನ ಗ್ಲಾಸನ್ನು ತುಟಿಗೆ ತಾಗಿಸಿ ಕಣ್ಣು ಕಿರಿದು ಮಾಡಿದ. ಮನೆಯವರೆಲ್ಲ ಸಕ್ಕರೆ ಕಡಿಮೆಯಾಯಿತೋ ಎಂದು ಹೆದರಿದರು. ಕಾಕಾ ಮಾತ್ರ ಮುಂದಕ್ಕೆ ಬಾಗಿದರು.

"ಥಂಡೀದು ಕುಡದ್ರ ಝುಮ್ ಅಂತದೇನ್ರಿ?"

"ಸ್ವಲ್ಪ ಅಂತದ್ರಿ."

"ಗ್ಲಾಸು ಕೆಳಗಿಟ್ಟ ಮ್ಯಾಲೂ ಬ್ಯಾನಿ ನಿಲ್ಲಂಗಿಲ್ಲ, ಹೌದಲ್ರಿ?"

"ಹೌದ್ರಿ. ನಿಮಗ ಹೆಂಗ ಗೊತ್ತಾತು?"

ಕಾಕಾ ಹೊಳೆಯುವ ಮುಖದಿಂದ ವರನ ತಂದೆಯ ಕಡೆ ತಿರುಗಿ, "ಹುಡುಗ ನಮಗ ಪಸಂದ ಅದಾನ್ರಿ," ಎಂದುಬಿಟ್ಟರು. ಹುಡುಗಿ ಇನ್ನೂ ಒಳಗಿನಿಂದ ಬಂದಿರಲಿಲ್ಲ, ಜಾತಕದ ಮಾತು ಎತ್ತಿರಲಿಲ್ಲ. ಅದೃಷ್ಟಕ್ಕೆ ಮದುವೆ ಕುದುರಿತು. ಮದುವೆಗೆ ಮೊದಲೇ ವರನಿಂದ ಹಲ್ಲಿನ ತಿರುಳು ಇಸಿದುಕೊಂಡ ಮನೆತನ ಇಡೀ ಧಾರವಾಡ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು.

ಇಷ್ಟಾದರೂ ಕಾಕಾಗೆ ಸಮಾಧಾನವಿಲ್ಲ. ಬಹಳ ದಿನ ನೊಂದ, ಆದರೆ ಒಳಗೆ ಇನ್ನೂ ಜೀವವಿರುವ ತಿರುಳು ಬೇಕೆಂದು ಅವರ ಮಾರ್ಗದರ್ಶಕರು ಹಟ ಹಿಡಿದಿದ್ದರು. ಅದೂ ನಡುವಯಸ್ಸಿನವರದು, ನೋವಿನ ಗುಳಿಗೆ ನುಂಗದವರದು. ಗುಳಿಗೆ ನುಂಗಿದರೆ ಲೆಕ್ಕ ಕೆಡುತ್ತದಂತೆ. ಕಾಕಾ ದಿನಾ ಊಟಕ್ಕೆ ಕೂತು ಗೊಣಗುತ್ತಿದ್ದರು. "ಈಗಿನ ಮಂದಿಗೆ ತಾಳ್ಮಿನ ಇಲ್ಲ. ಹಲ್ಲು ಜರಾ ಚಿಟಕ್ ಅಂದ್ರ ಸಾಕು, ಗುಳಿಗಿ. ಒಂದ್ ಹದಿನೈದು ದಿನ ತಡಕೊಳ್ಳಾಕ ಏನ್ ಧಾಡಿ?"

ಕಾಕು ಸಾರು ಬಡಿಸುತ್ತಿದ್ದರು. ಆ ದಿನಗಳಲ್ಲಿ ಅವರು ರೊಟ್ಟಿ ಬಿಟ್ಟು ಹಾಲು ಅನ್ನ ಉಣ್ಣುತ್ತಿದ್ದರು. ಕೇಳಿದರೆ ವ್ರತ ಎಂದರು. ಯಾವ ವ್ರತ ಎಂದು ನಾನು ಕೇಳಲಿಲ್ಲ. ಬಸ್ಸಿನ ಆ ತುದಿಯಲ್ಲಿ ನಿಂತವನ ಹಲ್ಲುನೋವನ್ನು ಈ ತುದಿಯಿಂದ ಗುರುತಿಸುವ ಕಾಕಾನೂ ಕೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ರೊಟ್ಟಿ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಹಂಚಿನ ಮೇಲೆ ರೊಟ್ಟಿ ಕರಕಲಾಗಿದೆ, ಕಾಕು ಹಿಟ್ಟಿನ ಕೈಯಲ್ಲೇ ಕೆನ್ನೆ ಒತ್ತಿಕೊಂಡು ಗೋಡೆಗೊರಗಿ ಕೂತಿದ್ದಾರೆ. ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿದೆ. ಹಿಂದೆ ಬಂದ ಕಾಕಾನ ಕೈಯಿಂದ ಪೇಪರು ಜಾರಿತು. ಆ ಹೊತ್ತಿಗೆ ಅವರು ಯಾವ ಹಲ್ಲು ಎಂದು ಕೇಳಲಿಲ್ಲ.

ಕಾಕು ಫ್ರಿಜ್ಜಿನಿಂದ ಏನೋ ತೆಗೆದು ಕೈಚೀಲಕ್ಕೆ ಹಾಕಿಕೊಂಡ ಮೇಲೆ ರಿಕ್ಷಾ ಮಾಡಿಕೊಂಡು ಹೋದೆವು. ದಂತವೈದ್ಯೆ ಬೆಳಗಾವಿ ಕಡೆಯ ಹುಡುಗಿ, ಕಾಕಾನ ಹಳೆಯ ವಿದ್ಯಾರ್ಥಿನಿ. ರಜೆಯಿದ್ದರೂ ಬಾಗಿಲು ತೆಗೆದಳು.

"ಎಷ್ಟು ದಿನದಿಂದ ನೋವು ಅದರೀ, ಕಾಕು?"

"ಹದಿನೆಂಟು ದಿನ ಆತವಾ. ಒಂದೂ ಗುಳಿಗಿ ನುಂಗಿಲ್ಲ," ಎಂದರು ಕಾಕು. ಆಮೇಲೆ ಕೈಚೀಲದಿಂದ ಸಣ್ಣ ಸ್ಟೀಲಿನ ಡಬ್ಬಿ ತೆಗೆದು ಆಕೆಯ ಕೈಗಿತ್ತರು. ಒಳಗೆ ಬರ್ಫ, ಬರ್ಫದ ನಡುವೆ ಕಾಕಾನದೇ ಒಂದು ಖಾಲಿ ಶೀಶೆ. "ಹೊರಗ ತಗದದ್ದು ಚೆಲ್ಲಬ್ಯಾಡ. ಇವರಿಗೆ ಬೇಕಾಗ್ಯದ."

ಕಾಕಾ ಹೆಂಡತಿಯನ್ನೂ ಡಬ್ಬಿಯನ್ನೂ ನೋಡಿದರು. "ನಿನಗ ಯಾರು ಹೇಳಿದ್ರು ಇಷ್ಟು ದಿನ ತಡಕೋ ಅಂತ?" ಎಂದರು.

"ನೀವ ದಿನಾ ಹೇಳತಿದ್ರಲ್ಲ."

ಹಲ್ಲಿಗೆ ಜೋಮು ಬರಿಸಿ, ಕೊರೆದು, ಒಳಗಿನ ಎಳೆಯನ್ನು ಹೊರಗೆಳೆಯುವವರೆಗೂ ಕಾಕಾ ಹೆಂಡತಿಯ ಕೈ ಹಿಡಿದು ನಿಂತಿದ್ದರು. "ಸರ್, ಶೀಶೆ ಹಿಡೀರಿ," ಎಂದು ವೈದ್ಯೆ ಎರಡು ಸಲ ಹೇಳಿದಳು. "ಇರಲಿ, ಚೆಲ್ಲಿಬಿಡವಾ," ಎಂದರು ಕಾಕಾ. ಬಾಯಿ ಜೋಮು ಹಿಡಿದಿದ್ದ ಕಾಕು ಕಣ್ಣಲ್ಲೇ ಗದರಿಸಿ, ಕೈ ಬಿಡಿಸಿಕೊಂಡು, ಕಾಕಾನ ಕೈಯನ್ನು ಶೀಶೆಯ ಕಡೆ ತಳ್ಳಿದರು. ಅವರ ಮಾತಿಗೆ ಎದುರಾಡಿ ಕಾಕಾಗೆ ರೂಢಿಯಿಲ್ಲವಲ್ಲ, ಹಿಡಿದರು.

ನಾಲ್ಕು ದಿನದ ನಂತರ ಆಫೀಸು ಮುಗಿಸಿ ಕಾಕಾನನ್ನು ಕರೆತರಲು ಕಾಲೇಜಿಗೆ ಹೋದೆ. ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದರು. ಬೆಳಕಿನ ಪೆಟ್ಟಿಗೆಯ ಮೇಲೆ ತೆಳ್ಳನೆಯ ಜೆಲ್ ಹಾಳೆ, ಅದರ ತುಂಬ ಸಾಲು ಸಾಲು ನೀಲಿ ಗೆರೆಗಳು. ಒಂದೊಂದು ಗೆರೆಯೂ ಒಂದೊಂದು ಪ್ರೋಟೀನು ಎಂದು ನನಗೆ ಹಿಂದೆಯೇ ಕಲಿಸಿದ್ದರು. ಅವರು ಮೊದಲು ನೋವಿಲ್ಲದ ಹಲ್ಲಿನ ಸಾಲನ್ನು ತೋರಿಸಿ, ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ದಪ್ಪಗಿರಬೇಕಾದ ಗೆರೆಗಳು ಸವೆದು ಹೋಗಿದ್ದವು. ಇರಬಾರದ ಕಡೆ ಹೊಸ ಗೆರೆಗಳು ಕಪ್ಪಾಗುವಷ್ಟು ದಟ್ಟವಾಗಿ ಮೂಡಿದ್ದವು. ಎಷ್ಟೋ ವರ್ಷದಿಂದ ಅವರು ಹುಡುಕುತ್ತಿದ್ದುದು ಅದೇ.

ಭೇಷ್ ಎನ್ನೋಣವೆಂದು ಬಾಯಿ ತೆರೆದೆ. ಕಾಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೆರಳು ಮಾತ್ರ ಆ ಸಾಲಿನ ಮೇಲೇ ಇತ್ತು.

"ತಮ್ಮಾ, ಇಷ್ಟ ಬ್ಯಾನಿ ಇತ್ತೇನೋ ಅಕಿಗೆ?"