ಪೂಜೆಯಿಲ್ಲದ ಕ್ರೇನು

ಕುರ್ಚಿಯಲ್ಲಿ ಕೂತಿರುವವರೆಗೆ ತತ್ವ ಎಂಬುದು ಬಹಳ ಸುಖದ ಸಂಗತಿ. ಮೇಲೆ ಫ್ಯಾನು, ಕೈಯಲ್ಲಿ ಚಹಾ ಇದ್ದರೆ ನನ್ನಷ್ಟು ಧೈರ್ಯವಂತ ಇನ್ನೊಬ್ಬನಿಲ್ಲ. ಎಂಬತ್ತರ ದಶಕದಲ್ಲಿ ನಾನು ವಿಶಾಖಪಟ್ಟಣದ ಬಂದರಿನಲ್ಲಿದ್ದ ಒಂದು ಸರ್ಕಾರಿ ಕಾರ್ಯಾಗಾರದಲ್ಲಿ ಇಂಜಿನಿಯರಾಗಿದ್ದೆ. ಅಲ್ಲಿ ರಿಪೇರಿಯಾದ ಯಾವ ಕ್ರೇನೂ ಪೂಜೆಯಾಗದೆ ಭಾರ ಎತ್ತುತ್ತಿರಲಿಲ್ಲ. ಕಾಯಿ, ಬೂದುಗುಂಬಳ, ಚಕ್ರದಡಿಯ ನಿಂಬೆಹಣ್ಣು, ಭಟ್ಟರ ದಕ್ಷಿಣೆ ಎಲ್ಲವೂ ಗ್ರೀಸಿನ ಖರ್ಚಿನಲ್ಲಿ ಸೇರಿಹೋಗುತ್ತಿದ್ದವು. ನಮ್ಮ ಕ್ರೇನುಗಳಷ್ಟು ಗ್ರೀಸನ್ನು ಆಂಧ್ರದ ಯಾವ ಯಂತ್ರವೂ ಕುಡಿದಿರಲಾರದು.

ಒಂದು ಕ್ರೇನಿನ ರಿಪೇರಿ ಮುಗಿದ ದಿನ ಚಹಾದ ಹೊತ್ತಿನಲ್ಲಿ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಜನರ ತೆರಿಗೆಯಲ್ಲಿ ಎಲ್ಲ ಧರ್ಮದವರ ಪಾಲೂ ಇದೆ, ದೇವರನ್ನೇ ನಂಬದವರ ಪಾಲೂ ಇದೆ, ಅದರಿಂದ ಒಂದು ನಿಂಬೆಹಣ್ಣನ್ನೂ ಕೊಳ್ಳಕೂಡದು ಎಂದು ಭಾಷಣ ಬಿಗಿದೆ. ನಮ್ಮ ಮೇಲಧಿಕಾರಿ ಸಾಹೇಬರು ಶಾಂತವಾಗಿ ಕೇಳಿ, ಸರಿ, ಈ ಸಲ ಪೂಜೆ ಬೇಡ ಎಂದುಬಿಟ್ಟರು. ವಾದದಲ್ಲಿ ಗೆದ್ದು ಅಭ್ಯಾಸವಿಲ್ಲದ ನಾನು ಇನ್ನೊಂದು ಚಹಾ ತರಿಸಿದೆ. ಕ್ರೇನ್ ನಡೆಸುವ ಅಪ್ಪಾರಾವ್ ಬಹಳ ಮರ್ಯಾದೆಯಿಂದ, ಇಂಜಿನಿಯರ್‌ಗಾರೂ ಜೊತೆಗೆ ಹತ್ತಿದರೆ ಮಾತ್ರ ತಾನು ಹತ್ತುವುದಾಗಿ ಹೇಳಿದ. ಸಾಹೇಬರು ಅದಕ್ಕೂ ಸರಿ ಎಂದರು.

ಆಮೇಲೆ ನನಗೆ ಅನ್ನ ಸೇರಲಿಲ್ಲ. ಕ್ರೇನಿನ ಉಕ್ಕಿನ ಹಗ್ಗವನ್ನು ನಾನೇ ಪರೀಕ್ಷಿಸಿದ್ದೆ. ಭಯಕ್ಕೆ ಮುಖ್ಯ ಕಾರಣವೇ ಅದು. ಹಗ್ಗ ಹರಿದಂತೆ, ನಾನು ಕೆಳಗೆ ಬಿದ್ದಂತೆ, ನೋಡಲು ಬಂದವರೆಲ್ಲ ಪೂಜೆ ಮಾಡಿಸಬೇಕಿತ್ತು ಎಂದು ತಲೆಯಾಡಿಸಿದಂತೆ ಕಾಣುತ್ತಿತ್ತು. ಕೊನೆಗೆ ಭಾರ ಎತ್ತಿ ನೋಡುವ ಪರೀಕ್ಷೆಯ ಬೆಳಿಗ್ಗೆ ಒಂದು ತೆಂಗಿನಕಾಯಿ ತಂದು ಊಟದ ಚೀಲಕ್ಕೆ ಹಾಕಿಕೊಂಡೆ. ನನ್ನ ಹೆಂಡತಿ ವಿಜಯವಾಡದವಳು, ಕನ್ನಡ ಕಲಿತದ್ದು ಮದುವೆಯ ನಂತರ. ಇದು ನನ್ನ ಸ್ವಂತ ದುಡ್ಡಿನದು, ತತ್ವಕ್ಕೇನೂ ಭಂಗವಿಲ್ಲ ಎಂದು ಅವಳಿಗೆ ಗಂಭೀರವಾಗಿ ವಿವರಿಸಿದೆ.

"ಮತ್ತೆ ನಿಮ್ ಸಂಬಳ ಯಾರ್ ದುಡ್ಡಂಡಿ?" ಎಂದು ಕೇಳಿ ಅವಳು ದೋಸೆ ಮಗುಚಿದಳು.

ಮೇಲೆ ಹತ್ತಿದ ಮೇಲೆ ಕಾಯಿ ಒಡೆಯುವುದಿರಲಿ, ಕಂಬಿಯಿಂದ ಕೈ ಬಿಡಿಸಲೂ ಆಗಲಿಲ್ಲ. ಕೆಳಗೆ ಬಂದರಿನ ನೀರು ಕಪ್ಪಗೆ ಕಾಣುತ್ತಿತ್ತು. ಭಾರ ನೆಲ ಬಿಟ್ಟಾಗ ಇಡೀ ಕ್ರೇನು ಒಮ್ಮೆ ನರಳಿತು, ನಾನೂ ನರಳಿದೆ. ನೆನಪಿದ್ದ ದೇವರನ್ನೆಲ್ಲ ಭಾಷೆ ನೋಡದೆ ಕರೆದೆ. ಭಾರ ನೆಟ್ಟಗೆ ಎದ್ದು, ನೆಟ್ಟಗೆ ಇಳಿಯಿತು.

ಸಾಹೇಬರು ಕೈಕುಲುಕಿ, ಇನ್ನು ಪ್ರತಿ ಕ್ರೇನಿಗೂ ಪೂಜೆಯ ಬದಲು ನೀವೇ ಹತ್ತಿಬಿಡಿ ಎಂದರು. ಮರುದಿನವೇ ಅವರ ಕೋಣೆಗೆ ಹೋಗಿ, ಕಾರ್ಮಿಕರ ಮನಸ್ಸಿನ ನೆಮ್ಮದಿಗೆ ಒಂದು ಸಣ್ಣ ಪೂಜೆ ಇದ್ದರೆ ಒಳ್ಳೆಯದು ಎಂದು ಬಹಳ ಹೊತ್ತು ವಾದಿಸಿದೆ. ಅವರು ಒಪ್ಪಲಿಲ್ಲ. ತೆರಿಗೆಯ ಬಗ್ಗೆ ನಾನು ಹೇಳಿದ್ದು ಅವರಿಗೆ ಪೂರ್ತಿ ಮನದಟ್ಟಾಗಿತ್ತು.