ಹಸಿರು ಗೋಡೆಯ ಕಾಲು ಅಂಕ

ಶಾಲೆಗಳ ಸಂಶೋಧನಾ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಕೊಠಡಿಯ ಗೋಡೆಗಳು ಇನ್ನೂ ಬಿಳಿಯಾಗಿಯೇ ಇವೆಯೆಂದೂ ಭಾವಿಸಿ, ಓದಲು ತಡವರಿಸುವ ಮಕ್ಕಳಿಗೆ ಓದು ಕಲಿಸುವ ಮೇಷ್ಟ್ರಾದ ನಾನು ಕೈಮುಗಿದು ಬಿನ್ನವಿಸಿಕೊಳ್ಳುವುದೇನೆಂದರೆ:

ತಮ್ಮ ಸುತ್ತೋಲೆ ತಲುಪಿತು. ಅರವತ್ತು ಸಾವಿರ ಮಕ್ಕಳನ್ನು ಪರೀಕ್ಷಿಸಿ, ಹಸಿರು ಗೋಡೆಯ ತರಗತಿಯವರು ಬಿಳಿ ಗೋಡೆಯವರಿಗಿಂತ ನೂರಕ್ಕೆ ಕಾಲು ಅಂಕ ಹೆಚ್ಚು ಪಡೆಯುತ್ತಾರೆಂದೂ, ಇದು ಆಕಸ್ಮಿಕವಲ್ಲ, 'ಸಂಖ್ಯಾಶಾಸ್ತ್ರದ ಪ್ರಕಾರ ಮಹತ್ವದ್ದು' ಎಂದೂ ತಾವು ಸಾಬೀತುಪಡಿಸಿದ್ದನ್ನು ಓದಿ ಮೈ ಜುಮ್ಮೆಂದಿತು. ಅಷ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಎಂಥ ಚಿಲ್ಲರೆ ವ್ಯತ್ಯಾಸವೂ ಸಿಕ್ಕಿಬೀಳುತ್ತದೆ. ವ್ಯತ್ಯಾಸ ಇದೆಯೇ ಎಂದು ತಾವು ಕೇಳಿದಿರಿ, ಇದೆ ಎಂದು ಲೆಕ್ಕ ಹೇಳಿತು. ಎಷ್ಟಿದೆ ಎಂದು ಕೇಳುವಷ್ಟರಲ್ಲಿ ಬಹುಶಃ ಚಹಾ ಬಂದಿರಬೇಕು.

ಆ ಕಾಲು ಅಂಕಕ್ಕಾಗಿ ಎಲ್ಲ ಗೋಡೆಗೂ ಹಸಿರು ಬಳಿಯಿರೆಂಬ ತಮ್ಮ ಆಜ್ಞೆಯ ದೆಸೆಯಿಂದ ನಮ್ಮ ಓದುಕೋಣೆ ಈಗ ಬಣ್ಣದ ಡಬ್ಬಗಳ ಉಗ್ರಾಣ. ನನ್ನ ಏಳು ಮಕ್ಕಳು ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಾರೆ; ಸೋಮವಾರದಿಂದ ಅದೂ ಇಲ್ಲ, ತರಗತಿಯೇ ರದ್ದು. ಈ ಏಳು ಮಂದಿ ಒಂದೇ ವರ್ಷದಲ್ಲಿ ಸರಾಸರಿ ಹದಿನಾಲ್ಕು ಅಂಕ ಮೇಲೇರಿದರೂ, 'ಏಳು ಮಕ್ಕಳಿಂದ ಏನನ್ನೂ ಖಚಿತವಾಗಿ ಹೇಳಲಾಗದು' ಎಂದು ತಮ್ಮ ಕಚೇರಿ ಬರೆದಿದೆ. ತಲೆಬಾಗಿ ಒಪ್ಪಿದೆ. ಆದರೆ ಖಚಿತವಿಲ್ಲ ಎಂದ ಮಾತ್ರಕ್ಕೆ ಪ್ರಯೋಜನವಿಲ್ಲ ಎಂದಲ್ಲವಲ್ಲ ಸ್ವಾಮಿ! ಇನ್ನೂ ಇನ್ನೂರು ಮಕ್ಕಳನ್ನು ಕೊಟ್ಟು ನೋಡಿ, ಬೇಡವೆಂದವರು ಯಾರು?

ಇರಲಿ, ಹಸಿರಿನ ಮೇಲೆ ನನಗೇನೂ ಹಗೆಯಿಲ್ಲ. ಒಂದು ಹಸಿರು ಕೋಣೆಗೆ ಕಾಲು ಅಂಕವಾದರೆ, ಐವತ್ತಾರು ಹಸಿರು ಕೋಣೆಗಳಲ್ಲಿ ಏಕಕಾಲಕ್ಕೆ ಕೂರಿಸಿದ ಮಗುವಿಗೆ ನನ್ನ ಹದಿನಾಲ್ಕು ಅಂಕ ಸಿಕ್ಕೇ ಸಿಗುತ್ತದೆ. ಒಂದು ಮಗುವನ್ನು ಐವತ್ತಾರು ಕಡೆ ಕೂರಿಸುವ ವಿಧಾನವನ್ನು ಮುಂದಿನ ಸುತ್ತೋಲೆಯಲ್ಲಿ ದಯಪಾಲಿಸಬೇಕು. ಅಲ್ಲಿಯವರೆಗೆ ನನ್ನ ಜಾಗಕ್ಕೆ ಗೋಡೆಯನ್ನೇ ಮೇಷ್ಟ್ರಾಗಿ ನೇಮಿಸಿ, ಹಾಜರಿ ಕರೆಯುವುದನ್ನಾದರೂ ಅದಕ್ಕೆ ಕಲಿಸಿಕೊಡಬೇಕೆಂದು ಪ್ರಾರ್ಥನೆ.

ಅಂಗಿಗೆಲ್ಲ ಹಸಿರು ಮೆತ್ತಿಕೊಂಡಿರುವ,
ತಮ್ಮ ವಿಶ್ವಾಸಿ,
ಓದುಕೋಣೆಯ ಮೇಷ್ಟ್ರು

ಮರೆತ ಮಾತು: ಹೋದ ವರ್ಷ ತನ್ನ ಹೆಸರನ್ನೇ ಕೂಡಿಸಿ ಓದಲಾರದಿದ್ದ ಹುಡುಗಿಯೊಬ್ಬಳು ನಿನ್ನೆ ತಮ್ಮ ಸುತ್ತೋಲೆಯನ್ನು ಮೊದಲಿಂದ ಕೊನೆಯವರೆಗೆ ತಾನೇ ಓದಿ, "ಸರ್, ಹಾಗಾದ್ರೆ ಗೋಡೆ ಪಾಸು, ನಾವು ಫೇಲಾ?" ಎಂದು ಕೇಳಿದಳು. ಉತ್ತರವನ್ನು ತಾವು ನೇರವಾಗಿ ಅವಳಿಗೇ ಬರೆಯಿರಿ, ಓದಿಕೊಳ್ಳುತ್ತಾಳೆ.