ಬಟ್ಟಲು ಬಾರಿಸಿದವನ ಹೆಸರು

ಬಟ್ಟಲಿನ ಅಂಚಿನ ಮೇಲೆ ಹೆಬ್ಬೆರಳಿನ ಗುರುತೊಂದು ಕಣ್ಣಿಗೆ ಬೀಳದೆ ಹೋಗಿದ್ದರೆ ವರ್ಲಿನ್ ಸುಂಡ್‌ಗಾರ್ಡನ ಆ ಶನಿವಾರ ಸುಖವಾಗಿಯೇ ಕಳೆಯುತ್ತಿತ್ತು. ಗುರುತು ಕಂಡಿತು. ಒಂದು ಗುರುತಿನಿಂದ ನಾದ ಕೆಡುವುದಿಲ್ಲವೆಂದು ಅವನಿಗೂ ಗೊತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ತನ್ನ ಹೆಸರು ಸಿ.ಡಿ.ಯೊಂದರ ಮೇಲೆ ಅಚ್ಚಾಗುವ ದಿನ ಯಾರಿಗೆ ತಾನೇ ಬುದ್ಧಿ ನೆಟ್ಟಗಿರುತ್ತದೆ? ಬಟ್ಟಲನ್ನು ಮಗುವಿನಂತೆ ಎತ್ತಿಕೊಂಡು ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ಇಳಿದ.

ವರ್ಲಿನ್ ಮಿನೆಸೋಟದ ಎಲ್ಮ್ ಫೋರ್ಕಿನ ಶಾಲೆಯಲ್ಲಿ ಬ್ಯಾಂಡ್ ಮೇಷ್ಟ್ರು. ಮೂವತ್ತು ವರ್ಷಗಳಿಂದ ಊರಿನ ಮಕ್ಕಳಿಗೆಲ್ಲ ಡ್ರಮ್ ಕಲಿಸಿ ಕಿವಿ ಮಂದ ಮಾಡಿಕೊಂಡವನು. ಎರಡು ವರ್ಷದ ಹಿಂದೆ ನ್ಯೂಯಾರ್ಕಿನ ಸಂಗೀತ ರಚನೆಗಾರ್ತಿ ಮಿರಿಯಮ್ ಝೆಲ್ನಿಕ್ ಶಾಲೆಗೆ ಬಂದಿದ್ದಾಗ, ಅವನ ಮೇಜಿನ ಮೇಲೆ ಬೀಗದ ಕೈ ಹಾಕಿಡುವ ಹಳದಿ ಪಿಂಗಾಣಿ ಬಟ್ಟಲಿಗೆ ಆಕೆಯ ಪೆನ್ನು ತಾಗಿ 'ಟೋಂ' ಎಂದಿತು. ಅಜ್ಜಿಯ ಕಾಲದ ಬಟ್ಟಲು. ಆಕೆ ಕುಳಿತಲ್ಲೇ ಕಣ್ಣು ಮುಚ್ಚಿದಳು. ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೋ ಮತ್ತು ವರ್ಲಿನ್‌ನ ಬಟ್ಟಲಿಗಾಗಿ ಒಂದು ಕೃತಿಯನ್ನೇ ಬರೆದಳು. ತಂತಿವಾದ್ಯಗಳು ಅರ್ಧ ಗಂಟೆ ನರಳುತ್ತವೆ, ಆಮೇಲೆ ಉದ್ದನೆಯ ಮೌನ, ಕೊನೆಗೆ ಬಟ್ಟಲಿಗೆ ಒಂದೇ ಒಂದು ಏಟು. ಅಷ್ಟೇ. "ಅರ್ಧ ಗಂಟೆ ಸುಮ್ನೆ ಕೂತ್ಕೊಂಡು ಒಂದ್ಸಲ ಹೊಡಿಯೋಕೆ ಕಾಲೇಜಿಗೆ ಬೇರೆ ಹೋಗಿದ್ಯೇನೋ?" ಎಂದು ಭಾವಮೈದುನ ಕೇಳಿದ್ದ. ವರ್ಲಿನ್ ಬೇಸರಪಡಲಿಲ್ಲ. 'ಬಟ್ಟಲು: ವರ್ಲಿನ್ ಸುಂಡ್‌ಗಾರ್ಡ್' ಎಂಬ ಅಕ್ಷರಗಳನ್ನು ಕನಸಿನಲ್ಲಿ ಕಂಡು, ಅಂಚೆಕಚೇರಿಯಿಂದ ಕ್ಷೌರದಂಗಡಿಯವರೆಗೆ ಎಲ್ಲರಿಗೂ ಹೇಳಿಯೂ ಆಗಿತ್ತು.

ಧ್ವನಿಮುದ್ರಣಕ್ಕೆ ಊರಿನ ಲೂಥರನ್ ಚರ್ಚೇ ಆಗಬೇಕೆಂದು ಮಿರಿಯಮ್ ಹಟ ಹಿಡಿದಿದ್ದಳು; ಆ ಮರದ ಚಾವಣಿಯ ಕೆಳಗೆ ಸದ್ದು ಮಾಗುತ್ತದಂತೆ. ತೊಂದರೆಯೆಂದರೆ, ಅದೇ ಬೆಳಿಗ್ಗೆ ಅಲ್ಲಿ ಮುದುಕ ಓರ್ವಿಲ್ಲನ ಶವಸಂಸ್ಕಾರವಿತ್ತು, ಅದಾದ ಮೇಲೆ ನೆಲಮಾಳಿಗೆಯಲ್ಲಿ ಊಟ. "ಎರಡು ಗಂಟೆಗೆಲ್ಲ ಎದ್ದು ಹೋಗ್ತಾರೆ, ಚಿಂತೆ ಬೇಡ" ಎಂದು ಪಾಸ್ಟರ್ ಲೋವೆಲ್ ಭರವಸೆ ಕೊಟ್ಟಿದ್ದರು. ಧ್ವನಿಮುದ್ರಣ ಮಾಡಲು ಬಂದಿದ್ದ ಕರ್ಟ್, ಮೈಕಿಗೆ ಗೊರಗೊರ ಸದ್ದು ಹಿಡಿಯುತ್ತದೆಂದು ಕಟ್ಟಡ ಬಿಸಿಮಾಡುವ ಬಾಯ್ಲರನ್ನು ಪಾಸ್ಟರ್ ಕೈಯಿಂದಲೇ ಆರಿಸಿದ್ದ. ಮಾರ್ಚ್ ತಿಂಗಳ ಚಳಿ. ನ್ಯೂಯಾರ್ಕಿನ ವಾದಕರು ಕೋಟಿನೊಳಗೆ ಮುದುಡಿ ಕುಳಿತು ಬೆರಳಿಗೆ ಉಸಿರು ಊದುತ್ತಿದ್ದರು.

ವರ್ಲಿನ್ ಬಟ್ಟಲನ್ನು ತೊಳೆದು ಪಾತ್ರೆ ಒಣಗಿಸುವ ತಟ್ಟೆಯ ಮೇಲೆ ಬೋರಲು ಹಾಕಿದ. ಅಷ್ಟರಲ್ಲಿ ಮೈಕ್ ಹೊಂದಿಸಬೇಕು, ಬಂದು ಕೂರು ಎಂದು ಕರ್ಟ್ ಕೂಗಿದ. ಹೋಗಿ ಕುಳಿತು ತಿರುಗಿ ಬರುವಷ್ಟರಲ್ಲಿ ತಟ್ಟೆ ಖಾಲಿ.

ಚರ್ಚಿನ ಅಡುಗೆಮನೆ ಆರ್ಡಿಸ್ ಹೋವ್‌ಲ್ಯಾಂಡಳ ಸಾಮ್ರಾಜ್ಯ. ಆಕೆ ವರ್ಲಿನ್‌ಗೆ ಭಾನುವಾರದ ಬೈಬಲ್ ಪಾಠ ಹೇಳಿದವಳು. ತಲೆ ನೆರೆತರೂ ಆಕೆಯ ಮುಂದೆ ನಿಂತರೆ ಅವನ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು.

"ಆರ್ಡಿಸ್, ಇಲ್ಲೊಂದು ಹಳದಿ ಬಟ್ಲು ಇತ್ತಲ್ಲಾ..."

"ಇತ್ತು ಕಣೋ! ದೇವ್ರೇ ಕಳ್ಸಿದ ಹಾಗಿತ್ತು. ನಾನು ಜೆಲ್ಲೀನ ಪ್ಲಾಸ್ಟಿಕ್ ಡಬ್ಬೀಲಿ ತಂದಿದ್ದೆ. ಮದುವೆ ಊಟಕ್ಕಾದ್ರೆ ನಡಿಯುತ್ತೆ, ಸತ್ತೋರ ಊಟಕ್ಕೆ ಪ್ಲಾಸ್ಟಿಕ್ ಇಡೋಕಾಗುತ್ತಾ? ಬಟ್ಲು ಸಿಕ್ತು, ಮಗುಚಿಬಿಟ್ಟೆ. ಜೆಲ್ಲಿ ಒಂಚೂರೂ ಒಡೀಲಿಲ್ಲ ನೋಡು."

ವರ್ಲಿನ್ ಅಡುಗೆಮನೆಯ ಬಾಗಿಲಿಗೆ ಓಡಿದ. ಇಣುಕಿ ನೋಡಿದರೆ ಉದ್ದನೆಯ ಊಟದ ಮೇಜಿನ ನಟ್ಟನಡುವೆ, ಓರ್ವಿಲ್ಲನ ಹೆಂಡತಿ ಇನೆಜ್ ಎದುರಿಗೇ, ಅಜ್ಜಿಯ ಬಟ್ಟಲು ಕುಳಿತಿತ್ತು. ಅದರ ತುಂಬ ಕ್ಯಾರೆಟ್ ತುರಿ ಬೆರೆಸಿದ ಹಸಿರು ಜೆಲ್ಲಿ ಥಳಥಳ ನಡುಗುತ್ತಿತ್ತು.

ಬೇರೆ ಊರಾಗಿದ್ದರೆ "ಅದು ನನ್ನದು, ಕೊಡಿ" ಎಂದರೆ ಮುಗಿಯಿತು. ಎಲ್ಮ್ ಫೋರ್ಕಿನಲ್ಲಿ ಹಾಗೆ ಕೇಳಿದವರಿಲ್ಲ. ಬೇಕಾದ ವಸ್ತುವನ್ನು ನೋಡಿ "ಚೆನ್ನಾಗಿದೆ" ಎನ್ನಬೇಕು. ಎದುರಿನವರು ಅರ್ಥ ಮಾಡಿಕೊಂಡು ಕೊಡಬೇಕು. ವರ್ಲಿನ್ ಇನೆಜ್ ಪಕ್ಕದಲ್ಲಿ ಕುಳಿತು, ಸಂತಾಪ ಹೇಳಿ, ಗಂಟಲು ಸರಿಮಾಡಿಕೊಂಡ. "ಬಟ್ಲು ಚೆನ್ನಾಗಿದೆ."

ಇನೆಜ್ ಕಣ್ಣೊರೆಸಿಕೊಂಡಳು. "ಜೆಲ್ಲೀನೂ ಚೆನ್ನಾಗಿದೆ ಕಣಪ್ಪ. ಊರಲ್ಲಿ ಯಾರು ಸತ್ರೂ ನಮ್ಮ ಓರ್ವಿಲ್ ಈ ಜೆಲ್ಲಿಗೋಸ್ಕರಾನೇ ಬರ್ತಿದ್ರು. ಇವತ್ತು ನೋಡು, ಅವರಿಗೇ ತಿನ್ನೋ ಯೋಗ ಇಲ್ಲ. ಅವರ ಪಾಲಿಂದು ನೀನಾದ್ರೂ ತಿನ್ನು."

ಬಟ್ಟಲು ಖಾಲಿಯಾದರೆ ತಾನೇ ತೊಳೆಯಲು ಎತ್ತಿಕೊಂಡು ಹೋಗಬಹುದು ಎಂಬ ಉಪಾಯ ವರ್ಲಿನ್‌ಗೆ ಹೊಳೆದದ್ದು ಆಗ. ಹಸಿರು ಜೆಲ್ಲಿಯೆಂದರೆ ಅವನಿಗೆ ಚಿಕ್ಕಂದಿನಿಂದ ಆಗದು. ತಿಂದರೆ ಹೊಟ್ಟೆಯೊಳಗೆ ಮೇಜುಕುರ್ಚಿ ಎಳೆದಾಡಿದಂತಾಗುತ್ತದೆ. ಆದರೂ ಕಣ್ಣು ಮುಚ್ಚಿ ನುಂಗಿದ. ಎರಡನೆಯ ಸಲ ಬಡಿಸಿಕೊಂಡ. ಮೂರನೆಯ ಸಲ ತಟ್ಟೆ ತುಂಬ ಹಾಕಿಕೊಂಡಾಗ ತಳದ ಹಳದಿ ಬಣ್ಣ ಕಂಡು ಅವನಿಗೆ ಹೋದ ಜೀವ ಬಂದಂತಾಯಿತು.

"ಅಯ್ಯೋ, ಇಷ್ಟು ಇಷ್ಟ ಅಂತ ಇಷ್ಟು ವರ್ಷ ಹೇಳ್ಲೇ ಇಲ್ವಲ್ಲೋ!" ಹಿಂದಿನಿಂದ ಆರ್ಡಿಸಳ ದನಿ. ಇನ್ನೊಂದು ಡಬ್ಬಿ ಜೆಲ್ಲಿ ದಪ್ಪನೆ ಬಟ್ಟಲಿಗೆ ಬಿತ್ತು. ವರ್ಲಿನ್‌ನ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

ಎರಡು ಗಂಟೆಯಾಯಿತು. ಚೆಲ್ಲೋ ವಾದಕ ರಾಫ್ ಮೆಟ್ಟಿಲಿಳಿದು ಬಂದ. ಹುಟ್ಟಾ ನ್ಯೂಯಾರ್ಕಿನವನು, ಮೆಲುದನಿಯಲ್ಲಿ ಮಾತಾಡಿ ಅಭ್ಯಾಸವಿಲ್ಲ. "ಏನ್ರೀ ಮೇಷ್ಟ್ರೇ, ಮೇಲೆ ನಾವು ಚಳಿಗೆ ಸೆಟೆದು ಹೋಗ್ತಿದ್ದೀವಿ, ನೀವಿಲ್ಲಿ ಹಬ್ಬದೂಟ ಹೊಡೀತಿದ್ದೀರಾ?"

ವರ್ಲಿನ್ ಅವನ ತೋಳು ಹಿಡಿದೆಳೆದು ಕಿವಿಯಲ್ಲಿ ಎಲ್ಲ ಉಸುರಿದ.

"ಹಾಗಾದ್ರೆ ಕೇಳಿ ಇಸ್ಕೊಳ್ಳಿ!"

"ಕೇಳೋದಾ?" ವರ್ಲಿನ್ ಬೆಚ್ಚಿಬಿದ್ದ. "ಗಂಡನ್ನ ಕಳ್ಕೊಂಡ ಹೆಂಗಸಿನ ಮುಂದಿಂದ? ಮೆಲ್ಲಗೆ ಮಾತಾಡಪ್ಪ. ಇನ್ನೇನು ಖಾಲಿಯಾಗುತ್ತೆ."

ನಿಜಕ್ಕೂ ಖಾಲಿಯಾಗುತ್ತ ಬಂದಿತ್ತು. ಆದರೆ ಈ ಊರಿನವರು ಪಾತ್ರೆಯಲ್ಲಿ ಉಳಿದ ಕೊನೆಯ ತುಣುಕನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಹೊಟ್ಟೆಬಾಕನೆಂದಾಗುತ್ತದೆ. ಒಬ್ಬರು ಬಂದು ಉಳಿದದ್ದರಲ್ಲಿ ಅರ್ಧ ಕತ್ತರಿಸಿಕೊಂಡು ಹೋದರು. ಇನ್ನೊಬ್ಬರು ಬಂದು "ಬೇಡಪ್ಪ, ಸಾಕು, ಸ್ವಲ್ಪ ಮಾತ್ರ" ಎನ್ನುತ್ತ ಆ ಅರ್ಧದಲ್ಲಿ ಅರ್ಧ ತೆಗೆದುಕೊಂಡರು. ಪಾಸ್ಟರ್ ಲೋವೆಲ್ ಬಂದು ಅದನ್ನೂ ಇಬ್ಭಾಗ ಮಾಡಿದರು. ಕೊನೆಗೆ ಬಟ್ಟಲಿನಲ್ಲಿ ಹೆಬ್ಬೆರಳಿನಷ್ಟು ಜೆಲ್ಲಿ ಉಳಿದು ಎಲ್ಲರನ್ನೂ ಅಣಕಿಸುತ್ತ ನಡುಗತೊಡಗಿತು. ಇನ್ನು ಅದು ನಾಳೆಯವರೆಗೂ ಹಾಗೆಯೇ ಇರುತ್ತದೆ. ವರ್ಲಿನ್ ಎರಡು ಸಲ ಚಮಚ ಚಾಚಿದ, ಎರಡು ಸಲವೂ ಊರಿನ ಕಣ್ಣು ನೆನೆದು ಹಿಂದಕ್ಕೆಳೆದುಕೊಂಡ.

ರಾಫ್ ನೋಡಿದ, ಎರಡು ಬೆರಳಲ್ಲಿ ಆ ತುಣುಕನ್ನೆತ್ತಿದ, ಬಾಯಿಗೆ ಹಾಕಿ ಗುಳುಕ್ಕನೆ ನುಂಗಿದ. "ಹೂಂ, ನಡೀರಿ."

ನೆಲಮಾಳಿಗೆ ಸ್ತಬ್ಧವಾಯಿತು. ಚಮಚಗಳು ಅರ್ಧದಾರಿಯಲ್ಲಿ ನಿಂತವು. ಅಂಥ ಮೌನ ಸಿಗಲೆಂದೇ ಕರ್ಟ್ ಬೆಳಿಗ್ಗೆಯಿಂದ ಪರದಾಡುತ್ತಿದ್ದ. ಮೈಕು ಮಾತ್ರ ಮೇಲಿತ್ತು. ಊರಿನವರು ಚೇತರಿಸಿಕೊಳ್ಳುವ ಮೊದಲೇ ವರ್ಲಿನ್ ಬಟ್ಟಲನ್ನೆತ್ತಿಕೊಂಡು ನಲ್ಲಿಯ ಕೆಳಗೆ ಹಿಡಿದ.

ಊಟದವರು ಎದ್ದು ಹೋದ ಮೇಲೆ ಮುದ್ರಣ ಶುರುವಾಯಿತು. ಮಿರಿಯಮ್ ಮತ್ತು ಕರ್ಟ್ ಪಾಸ್ಟರ ಕೋಣೆಯಲ್ಲಿ ಯಂತ್ರಗಳ ಮುಂದೆ ಕುಳಿತರು; ಆಕೆಯ ಮಾತು ಒಂದು ಸಣ್ಣ ಸ್ಪೀಕರಿನಿಂದ ಚರ್ಚಿನೊಳಗೆ ಕೇಳಿಸುತ್ತಿತ್ತು. ಪಾಸ್ಟರ್ ಹಿಂದಿನ ಬೆಂಚಿನಲ್ಲಿ ಕುಳಿತರು. ಆರ್ಡಿಸ್ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೊರಗಿ ನಿಂತಳು. ತಂತಿಗಳು ನರಳಿ ನರಳಿ ತಣ್ಣಗಾದವು. ಆ ಉದ್ದನೆಯ ಮೌನ ಬಂತು. ವರ್ಲಿನ್ ಉಣ್ಣೆ ಸುತ್ತಿದ ಕೋಲನ್ನೆತ್ತಿದ.

ಗ್ರೂಂ... ಗುಳು ಗುಳು... ಗ್ರೂಂ... ಎಂದಿತು ಅವನ ಹೊಟ್ಟೆ. ಸದ್ದು ಚಾವಣಿಯ ಮರಕ್ಕೆ ತಾಗಿ, ಮಾಗಿ, ನಿಧಾನವಾಗಿ ಕೆಳಗಿಳಿಯಿತು.

"ಅದೇನು ಸದ್ದು?" ಸ್ಪೀಕರಿನಿಂದ ಮಿರಿಯಮ್ ಕೇಳಿದಳು.

ರಾಫ್ ಚೆಲ್ಲೋ ಹಿಂದೆ ಮುಖ ಬಚ್ಚಿಟ್ಟುಕೊಂಡ. ವರ್ಲಿನ್‌ಗೆ ಬೆವರು ಕಿತ್ತುಕೊಂಡಿತು. ನಾಚಿಕೆಯಿಂದ ಬಾಯಿಗೆ ಬಂದದ್ದು ಒಂದೇ ಮಾತು. "ಬಾಯ್ಲರ್."

"ಬಾಯ್ಲರ್ ಆರ್ಸಿದ್ದೀವಲ್ಲ?"

ಎಲ್ಲರೂ ಪಾಸ್ಟರ್ ಕಡೆ ತಿರುಗಿದರು. ಇಪ್ಪತ್ತು ವರ್ಷದಿಂದ ಆ ಚರ್ಚಿನಲ್ಲಿ ಸತ್ಯವನ್ನೇ ಬೋಧಿಸಿದ ಮನುಷ್ಯ ಒಮ್ಮೆ ವರ್ಲಿನ್‌ನ ದೀನ ಮುಖ ನೋಡಿದರು, ಒಮ್ಮೆ ಶಿಲುಬೆ ನೋಡಿದರು. "ಆರ್ಸಿದೀನಿ ಮೇಡಂ. ಆದ್ರೆ... ತಣ್ಣಗಾಗ್ತಾ ಆಗ್ತಾ ಹೀಗೆ ಸದ್ದು ಮಾಡುತ್ತೆ. ಹಳೇದು, ಪಾಪ."

ಮೈಕು ವರ್ಲಿನ್‌ನ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿತ್ತು. ಸದ್ದು ಯಾವ ಮೈಕಿನಿಂದ ಬಂತೆಂದು ಕರ್ಟ್‌ಗೆ ಚೆನ್ನಾಗಿ ಗೊತ್ತು. ಅವನೂ ಈ ಸೀಮೆಯವನೇ. "ಇರಬಹುದು" ಎಂದನಷ್ಟೆ.

ಮತ್ತೆ ಮೊದಲಿಂದ ನುಡಿಸಿದ ಎರಡನೆಯ ಟೇಕಿನಲ್ಲೂ ಬಾಯ್ಲರ್ ಕೂಗಿತು. ಮೂರನೆಯದರಲ್ಲಿ ಎರಡು ಸಲ ಕೂಗಿತು. ವರ್ಲಿನ್ ಸೊಂಟದ ಪಟ್ಟಿ ಬಿಗಿದ, ಸಡಿಲಿಸಿದ, ಉಸಿರು ಹಿಡಿದ, ಅಜ್ಜಿಯನ್ನು ನೆನೆದ. ಸಂಜೆ ಬೆಳಕು ಕಿಟಕಿಯ ಬಣ್ಣದ ಗಾಜಿನಿಂದ ಓರೆಯಾಗಿ ಬೀಳುವ ಹೊತ್ತಿಗೆ ಕೊನೆಯ ಟೇಕ್. ಮೌನ ಬಂತು. ಹೊಟ್ಟೆ ತೆಪ್ಪಗಿತ್ತು. ಕೋಲು ಇಳಿಯಿತು. ಟೋಂ... ಆ ನಾದ ಹಳೆಯ ಅಡುಗೆಮನೆಯಂತೆ ಬೆಚ್ಚಗಿತ್ತು. ಅದು ಪೂರ್ತಿ ಅಡಗುವವರೆಗೂ ಯಾರೂ ಅಲುಗಾಡಲಿಲ್ಲ. ವರ್ಲಿನ್‌ನ ಕಣ್ಣು ತುಂಬಿ ಬಂತು. ಮೂವತ್ತು ವರ್ಷ ಮಕ್ಕಳ ತಾಳತಪ್ಪಿದ ಬಡಿತ ಕೇಳಿದ್ದು ಈ ಒಂದು ಏಟಿಗಾಗಿಯೇ ಎನಿಸಿತು. ರಾಫ್ ಎದ್ದು ಬಂದು ಅವನ ಬೆನ್ನು ತಟ್ಟಿದ.

ಎಲ್ಲರೂ ಪಾಸ್ಟರ ಕೋಣೆಯಲ್ಲಿ ಕಿಕ್ಕಿರಿದು ನಿಂತು ಕೇಳಿದರು. ಆರ್ಡಿಸ್ ಕಾಫಿ ತಂದಳು. ಮಿರಿಯಮ್ ಕೊನೆಯ ಟೇಕನ್ನು ಕಣ್ಣು ಮುಚ್ಚಿ ಕೇಳಿ, "ಸುಂದರವಾಗಿದೆ" ಎಂದಳು. ವರ್ಲಿನ್ ನಿಂತಲ್ಲೇ ಎತ್ತರವಾದ. "ಕರ್ಟ್, ಮೊದಲನೇದನ್ನೂ ಒಂದ್ಸಲ ಹಾಕು."

ಗ್ರೂಂ... ಗುಳು ಗುಳು... ಗ್ರೂಂ.

ಮಿರಿಯಮ್ ಕರ್ಟ್‌ನ ಭುಜ ಹಿಡಿದುಕೊಂಡಳು. "ಇದು! ಇದೇ! ಎರಡು ವರ್ಷದಿಂದ ಏನೋ ಒಂದು ಕೊರತೆ ಅಂತ ಒದ್ದಾಡ್ತಿದ್ದೆ. ಬಟ್ಟಲು ತೀರಾ ಸುಂದರ ಆಗೋಯ್ತು, ಸಕ್ಕರೆ ಜಾಸ್ತಿ. ಆದರೆ ಇದನ್ನ ಕೇಳಿ. ಬೆಂಕಿ ಆರಿದ ಮನೆ ನಿದ್ದೇಲಿ ಮಗ್ಗುಲು ಬದಲಾಯಿಸಿದ ಹಾಗೆ. ಎಂಥ ನೋವು! ಕೃತಿ ಇಲ್ಲೇ ಮುಗೀಬೇಕು. ಬಟ್ಟಲಿನ ಏಟು ಬೇಡ."

"ಬೇಡ್ವಾ?" ಎಂದ ವರ್ಲಿನ್. ದನಿ ಹೊರಗೆ ಬಂತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. "ಮತ್ತೆ... ಸಿ.ಡಿ. ಮೇಲೆ... ಹೆಸರು?"

"ಖಂಡಿತ ಹಾಕ್ಬೇಕು! ಎರಡು ವಯೊಲಿನ್, ವಿಯೋಲಾ, ಚೆಲ್ಲೋ, ಮತ್ತು ಎಲ್ಮ್ ಫೋರ್ಕ್ ಚರ್ಚಿನ ಬಾಯ್ಲರ್!"

ಅದು ಬಾಯ್ಲರಲ್ಲ, ನಾನು ಎನ್ನಲು ವರ್ಲಿನ್ ಬಾಯಿ ತೆರೆದ. ಎದುರಿಗೆ ಪಾಸ್ಟರ್ ಲೋವೆಲ್ ಕಿವಿಯವರೆಗೆ ಕೆಂಪಾಗಿ ಬೂಟು ನೋಡುತ್ತ ನಿಂತಿದ್ದರು. ತನಗಾಗಿ ದೇವರ ಮನೆಯಲ್ಲೇ ಸುಳ್ಳಾಡಿದ ಮನುಷ್ಯನನ್ನು ನ್ಯೂಯಾರ್ಕಿನವರೆದುರು ಹಿಡಿದುಕೊಡುವುದೇ? ವರ್ಲಿನ್ ಬಾಯಿ ಮುಚ್ಚಿದ. ಮಧ್ಯಾಹ್ನದ ಜೆಲ್ಲಿಗಿಂತ ಆ ಮಾತನ್ನು ನುಂಗುವುದು ಕಷ್ಟವಾಯಿತು.

ಆರ್ಡಿಸ್ ಅವನ ಕಂಕುಳಲ್ಲಿದ್ದ ಬಟ್ಟಲನ್ನು ನೋಡಿದಳು. "ಬಟ್ಲು ಚೆನ್ನಾಗಿದೆ ಕಣೋ" ಎಂದಳು.

ವರ್ಲಿನ್‌ಗೆ ಅರ್ಥವಾಯಿತು. ಬಟ್ಟಲನ್ನು ಆಕೆಯ ಕೈಗಿಟ್ಟ. ಆ ಸಂಕಟಕ್ಕೋ ಏನೋ, ಹೊಟ್ಟೆ ಮತ್ತೊಮ್ಮೆ ಉದ್ದಕ್ಕೆ ಗುಡುಗಿತು.

"ಆಹಾ, ಈ ಕೋಣೆಗೂ ಕೇಳಿಸುತ್ತೆ!" ಮಿರಿಯಮ್ ಕುಣಿದುಬಿಟ್ಟಳು. "ಪಾಸ್ಟರ್, ಮೇ ತಿಂಗಳಲ್ಲಿ ಸಿ.ಡಿ. ಬಿಡುಗಡೆಯ ಸಂಗೀತ ಕಛೇರಿ ಇಲ್ಲೇ ಮಾಡ್ತೀವಿ. ಮಿನಿಯಾಪೊಲಿಸ್‌ನಿಂದ ಪತ್ರಿಕೆಯವರೆಲ್ಲ ಬರ್ತಾರೆ. ಅವತ್ತೂ ಸರಿಯಾಗಿ ಕೊನೇಲಿ ಈ ಸದ್ದು ಬರ್ಲೇಬೇಕು. ಬರುತ್ತೆ ತಾನೇ?"

"ಮೇನಲ್ಲಿ... ಬಾಯ್ಲರ್ ಹಚ್ಚೋದೇ ಇಲ್ವಲ್ಲ..." ಪಾಸ್ಟರ್ ತೊದಲಿದರು. ಕೋಣೆಯಲ್ಲಿದ್ದ ಊರಿನವರೆಲ್ಲ ಮೆಲ್ಲಗೆ ವರ್ಲಿನ್ ಕಡೆ ತಿರುಗಿದರು.

"ನೀವೇನೂ ಯೋಚ್ನೆ ಮಾಡ್ಬೇಡಿ ಮೇಡಂ," ಎಂದಳು ಆರ್ಡಿಸ್, ಹಳದಿ ಬಟ್ಟಲನ್ನು ಎದೆಗವಚಿಕೊಂಡು. "ಆ ಬಾಯ್ಲರಿಗೆ ಏನು ಹಾಕ್ಬೇಕು, ಎಷ್ಟು ಹಾಕ್ಬೇಕು ಅಂತ ನಂಗೆ ಚೆನ್ನಾಗಿ ಗೊತ್ತು."